ಗ್ಯಾರೇಜಿನೊಳಗಿನ ಕುಣಿತ

ಪಾಮರ್ಸ್ಟನ್ ನಾರ್ತ್ ಎಂಬ ಪರದೇಶದ ಊರಿನಲ್ಲಿ ನನ್ನ ಪಿಎಚ್.ಡಿ.ಯ ಕೊನೆಯ ವರ್ಷ. ಮದುವೆಗೆ ಮುಂಚೆ ಹುಡುಗಿಗೆ ಕುಣಿತದ ಮೂಲಕ ಸಂಸಾರದ ಪಾಠ ಹೇಳಿಕೊಡುವ ಜಾಂಬಿಯಾದ ಹೆಂಗಸರ ಪದ್ಧತಿ ನನ್ನ ವಿಷಯ. ಭರತನಾಟ್ಯ ಕಲಿತವಳಿಗೆ ಆಫ್ರಿಕಾ ಯಾಕೆ ಎಂದು ಕನ್ನಡದವರು ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಹೇಳಿ ಹೇಳಿ ಸಾಕಾಗಿ "ಸ್ಕಾಲರ್‌ಶಿಪ್ ಸಿಕ್ತು" ಎಂದು ಮುಗಿಸುತ್ತಿದ್ದೆ. ಅವ್ವ ಮೈಸೂರಿನಲ್ಲಿ ಊದುಬತ್ತಿ ಹೊಸೆದು ಸಾಕಿದ ಮಗಳು ನಾನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಬೇರೆ ಯಾರೂ ಇಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಜಾಂಬಿಯಾಕ್ಕೆ ಹೋಗಿಬರುವಷ್ಟು ದುಡ್ಡು ಕೈಲಿರಲಿಲ್ಲ. ಕಣ್ಣಾರೆ ನೋಡದೆ ಮುಖ್ಯ ಅಧ್ಯಾಯ ಬರೆಯುವಂತಿರಲಿಲ್ಲ. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ರೆಸ್ಟ್‌ಹೋಮಿನಲ್ಲಿ, ಮುದುಕರನ್ನು ನೋಡಿಕೊಳ್ಳುವ ಜಾಂಬಿಯಾದ ಆಂಟಿಯೊಬ್ಬರಿದ್ದರು. ತಂಗಿಯ ಮಗಳ ಮದುವೆಗೆ ಮುಂಚೆ ಅವರ ಗ್ಯಾರೇಜಿನಲ್ಲೇ ಈ ಪಾಠಕ್ಕೆ ಹೆಂಗಸರು ಸೇರುವುದಿತ್ತು. ವಾರಗಟ್ಟಲೆ ಬೆನ್ನು ಹತ್ತಿದ ಮೇಲೆ "ಬಾ, ಬಾಗಿಲಲ್ಲಿ ನೋಡೋಣ" ಎಂದರು.

ಆಂಟಿ ಬಾಗಿಲಲ್ಲೇ ತಡೆದರು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಾಗುವುದು ಕನ್ನಡದಲ್ಲಿ.

"ಸ್ವಂತದವರ ಕೈಲಿ ಶಾಸ್ತ್ರ ಮಾಡಿಸ್ಕೊಳ್ದೇ ಇರೋಳು ಒಳಗೆ ಬರಂಗಿಲ್ಲ. ನೀನು ದೊಡ್ಡೋಳಾದಾಗ ನಿಮ್ಮ ಹೆಂಗಸ್ರು ಏನ್ ಮಾಡಿದ್ರು?"

"ಒಸಗೆ ಮಾಡಿದ್ರು ಆಂಟಿ. ಕೂರಿಸಿ, ಆರತಿ ಎತ್ತಿ, ಹಾಡು ಹೇಳಿ, ಚಿಗಳಿ ತಿನ್ಸಿದ್ರು. ಎಳ್ಳು ಬೆಲ್ಲ ಕುಟ್ಟಿದ ಉಂಡೆ."

"ಕುಣಿಸ್ಲಿಲ್ವಾ?"

"ಇಲ್ಲ. ಅಲ್ಲಾಡ್ದೆ ಕೂತ್ಕೋ ಅಂದ್ರು."

ಒಳಗಿಂದ ಯಾರೋ ಕಿಸಕ್ಕನೆ ನಕ್ಕರು. "ಪಾಪ, ತಿನ್ಸಿ ಕೂರ್ಸಿಬಿಟ್ಟವ್ರೆ! ಬಿಡೇ ಅಕ್ಕ, ಅದನ್ನ ಒಳಗೆ." ಫೋನು, ಪೆನ್ನು ಹೊರಗಿಡಿಸಿ ಒಳಗೆ ಬಿಟ್ಟರು.

ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಬ್ಬಳು ಬಡಿಯುತ್ತಿದ್ದಳು. ಆಂಟಿ ನನ್ನನ್ನೂ ಎಳೆದರು. ನಾನು ಅಭ್ಯಾಸಬಲದಿಂದ ಮಂಡಿ ಬಾಗಿಸಿ, ಬೆನ್ನು ನೆಟ್ಟಗೆ ಮಾಡಿ, ಭರತನಾಟ್ಯದ ಅರಮಂಡಿಗಿಳಿದೆ. ಸೊಂಟ ಅಲ್ಲಾಡಿದರೆ ಕೋಲು ಬೀಳುತ್ತಿದ್ದ ಪಾಠ ನಮ್ಮದು.

"ಯಾರೇ ನಿನ್ ಸೊಂಟ ಕಟ್ಟಾಕಿರೋದು?" ಎಂದರು ಆಂಟಿ. ಗ್ಯಾರೇಜೆಲ್ಲ ನಗು. ನನ್ನ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು. ಅವರು ಆ ಕೈಯನ್ನು ಗಟ್ಟಿಯಾಗಿ ಹಿಡಿದರು. "ಲೆಕ್ಕ ಹಾಕ್ಬೇಡ. ಹುಡುಗಿ ಮುಖ ನೋಡು."

ನೋಡಿದೆ. ಇಲ್ಲೇ ಹುಟ್ಟಿ ಬೆಳೆದ ಮದುಮಗಳು. ನಾಚಿಕೆಯಿಂದ ಚಾಪೆಯ ಅಂಚು ಕೀಳುತ್ತಿದ್ದಳು. ಆಮೇಲೆ ಅವಳಿಗೆ ಏನು ಕಲಿಸಿದರು, ನಾನು ಏನು ಕಲಿತೆ ಎಂಬುದನ್ನು ಇಲ್ಲಿಯೂ ಬರೆಯುವುದಿಲ್ಲ.

ಹೊರಡುವಾಗ ಆಂಟಿ ಕೇಳಿದರು. "ಇದನ್ನ ಬರೀತೀಯಾ?"

"ಬರೀಲೇಬೇಕು ಆಂಟಿ. ಅದಕ್ಕೇ ಅಲ್ವಾ ಬಂದಿದ್ದು?"

"ನೀನು ಅದಕ್ಕೆ ಬಂದೆ. ನಾನು ಅದಕ್ಕೆ ಬಿಟ್ಕೊಳ್ಳಲಿಲ್ಲ. ನಿನ್ನನ್ನೂ ನಿಮ್ಮೋರು ಕೂರ್ಸಿ ಹಾಡು ಹೇಳವ್ರೆ ಅಂತ ಬಿಟ್ಕೊಂಡೆ." ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ಮರುದಿನ ಬೆಳಿಗ್ಗೆ ಅವರಿಗೂ ಶಿಫ್ಟ್ ಇತ್ತು, ನನಗೂ ಇತ್ತು.

ಆ ವಾರವೆಲ್ಲ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ. ಎರಡು ಸಾಲು ಬರೆದುಬಿಟ್ಟರೆ ಆಂಟಿಗೆ ಗೊತ್ತಾಗುವುದೂ ಇಲ್ಲ, ಪದವಿ ಕೈಗೆ ಬರುತ್ತದೆ. ಇಷ್ಟು ದೂರ ಬಂದದ್ದು ಅದಕ್ಕೇ ತಾನೆ? ಗೈಡ್ ಮುಂದೆ ಕೂತಾಗಲೂ ಇದೇ ತಲೆಯಲ್ಲಿತ್ತು.

"ನೋಡಿದಿರಲ್ಲ, ಹೆಜ್ಜೆಗಳನ್ನ ವಿವರಿಸಿ. ಅಷ್ಟೇ ಬಾಕಿ" ಎಂದರು ಗೈಡ್.

"ಅದನ್ನ ಬರೆಯೋಕಾಗಲ್ಲ ಸರ್." ಬಾಯಿಂದ ಬಂದದ್ದು ಅದು.

"ಹಾಗಾದ್ರೆ ಅಧ್ಯಾಯದಲ್ಲಿ ಉಳಿಯೋದೇನು?"

"ಬಾಗಿಲ ತನಕ ಆದದ್ದು. ಯಾರನ್ನ ಬಿಡ್ತಾರೆ, ಯಾಕೆ ಬಿಡ್ತಾರೆ ಅನ್ನೋದು."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮೊದಲಿಂದ ಬರೀಬೇಕಾಗುತ್ತೆ. ಈ ವರ್ಷ ಮುಗಿಯಲ್ಲ."

"ಬರೀತೀನಿ."

ಹೊರಗೆ ಬಂದು ಸೈಕಲ್ ತೆಗೆದೆ. ಎದುರುಗಾಳಿ ಬೀಸುತ್ತಿತ್ತು. ತಳ್ಳಿಕೊಂಡೇ ಮನೆಗೆ ಹೋದೆ.