ನಾಲ್ಕು ಚೌಕಗಳ ನಡುವಿನ ಕೆರೆ

ಚೌಕದ ಸಾಹೇಬರಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ವನ್ಯಜೀವಿ ಇಲಾಖೆಯ ನಕಾಶೆ ವಿಭಾಗದ ಮುಖ್ಯಸ್ಥರಾದ ಮೇಲೆ ಅವರು ಲೋಕವನ್ನು ಬೇರೆ ಯಾವ ಆಕಾರದಲ್ಲೂ ನೋಡಿದವರಲ್ಲ. ಮೇಜಿನ ಮೇಲೆ ಪೆನ್ನು ಓರೆಯಾಗಿದ್ದರೆ ನೇರ ಮಾಡಿದ ಹೊರತು ಮಾತು ಶುರುವಾಗುತ್ತಿರಲಿಲ್ಲ. ಹೆಂಡತಿ ದುಂಡನೆಯ ಕಾಲೊರಸು ತಂದರೆ ಮೂತಿ ತಿರುವುತ್ತಿದ್ದರು. ಕಾಡಿನ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯಬಲ್ಲವರು, ಕಾಡಿಗೆ ಕೊನೆಯ ಸಲ ಹೋಗಿದ್ದು ಯಾವಾಗ ಎಂದರೆ ಮಾತ್ರ ಕಿಟಕಿಯ ಕಡೆ ತಿರುಗುತ್ತಿದ್ದರು. ಕಿಟಕಿಯಾಚೆ ಇದ್ದದ್ದು ಕಾರು ನಿಲ್ಲಿಸುವ ಜಾಗ.

ಅವರ ಕೆಲಸವೇನು ಎಂದು ಹೇಳುವುದು ಸುಲಭ. ಉಪಗ್ರಹ ತೆಗೆದ ಚಿತ್ರದ ಮೇಲೆ ಗೆರೆ ಎಳೆದು ನೆಲವನ್ನೆಲ್ಲ ಸಮನಾದ ಚೌಕಗಳಾಗಿ ಕತ್ತರಿಸುವುದು. ಒಂದೊಂದು ಚೌಕದಲ್ಲಿ ಯಾವುದು ಅರ್ಧಕ್ಕಿಂತ ಜಾಸ್ತಿಯೋ, ಇಡೀ ಚೌಕಕ್ಕೆ ಅದರ ಬಣ್ಣ ಬಳಿಯುವುದು. ಮರವಾದರೆ ಹಸಿರು, ನೀರಾದರೆ ನೀಲಿ, ಬರಡು ನೆಲವಾದರೆ ಬೂದು. ಎಲ್ಲಿ ಪ್ರಾಣಿಗಳನ್ನು ಅವುಗಳ ಪಾಡಿಗೆ ಬಿಡಬೇಕು, ಎಲ್ಲಿ ಕಟ್ಟಡ ಏಳಬಹುದು ಎಂದು ಸರ್ಕಾರ ತೀರ್ಮಾನಿಸುವುದು ಈ ಬಣ್ಣ ನೋಡಿಯೇ. ಚೌಕದೊಳಗೆ ಕಡಿಮೆ ಇದ್ದದ್ದು ಲೆಕ್ಕಕ್ಕಿಲ್ಲ. ಸಾಹೇಬರ ಪಾಲಿಗೆ ಇದು ವೇದವಾಕ್ಯ. ಆ ನಕಾಶೆಗೆ ಪ್ರಶಸ್ತಿಯೊಂದು ಬೇರೆ ಬಂದುಬಿಟ್ಟಿತ್ತು, ಕೇಳಬೇಕೇ! ನಕಾಶೆಗೆ ಗಾಜು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದ್ದರು. ಬಂದವರು ಅವರ ಮುಖ ನೋಡಬೇಕೆಂದರೆ ಅದನ್ನೂ ನೋಡಲೇಬೇಕಿತ್ತು.

ಒಂದು ಬೆಳಿಗ್ಗೆ ಅವರ ಅಕ್ಕ ಕಚೇರಿಗೆ ಬಂದಳು. ತಾಯಿ ಹೋದ ಮೇಲೆ ತಮ್ಮನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಈಗಲೂ ಹುಟ್ಟಿದ ಮನೆಯಲ್ಲೇ, ಕೆರೆಯ ದಂಡೆಯ ಮೇಲೆ, ಹೊಲಿಗೆ ಯಂತ್ರ ತುಳಿದುಕೊಂಡು ಇದ್ದಳು. ಹೆಗಲ ಮೇಲೆ ನೂಲಿನ ಎಳೆಗಳು ಅಂಟಿಕೊಂಡೇ ಇದ್ದವು, ಕೊಡವಿಕೊಳ್ಳಲೂ ಪುರುಸೊತ್ತಾಗಿರಲಿಲ್ಲ.

"ಲಾರಿಗಳು ಬಂದು ನಿಂತಿವೆ ಕಣೋ. ಕೆರೆಗೆ ಮಣ್ಣು ತುಂಬಿ ಗೋದಾಮು ಕಟ್ತಾರಂತೆ. ನಿಮ್ಮ ಇಲಾಖೆಯವರೇ ಅಡ್ಡಿ ಇಲ್ಲ ಅಂದಿದಾರಂತೆ. ನೀರುನಾಯಿ ಮರಿ ಹಾಕಿದೆ, ಕಣ್ಣಾರೆ ನೋಡಿದೀನಿ. ಏನಾದ್ರೂ ಮಾಡೋ."

ಸಾಹೇಬರು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. "ಅಕ್ಕ, ಅಲ್ಲಿ ಕೆರೆ ಇಲ್ಲ."

"ಏನಂದೆ?"

"ಡೇಟಾದಲ್ಲಿ ಇಲ್ಲ. ನೋಡು, ನಾಲ್ಕೂ ಚೌಕ ಬೂದು."

"ಹಾಗಾದ್ರೆ ನೀನು ಈಜು ಕಲಿತಿದ್ದು ಬೂದಿಯಲ್ಲೇನೋ? ಮುಳುಗ್ತಿದ್ದವನನ್ನ ಜುಟ್ಟು ಹಿಡಿದು ಎಳೆದು ಹಾಕಿದ್ದು ನಾನಲ್ವಾ?"

ಪಕ್ಕದ ಮೇಜಿನ ಸಹಾಯಕಿ ನಗು ತಡೆದುಕೊಂಡು ಎದ್ದು ಬಂದಳು. ಉಪಗ್ರಹದ ಮೂಲ ಚಿತ್ರ ತೆಗೆದು ನೋಡಿದರೆ ವಿಷಯ ಅಂಗೈ ಹುಣ್ಣಿನಷ್ಟು ಸ್ಪಷ್ಟ. ನಾಲ್ಕು ಚೌಕಗಳ ಮೂಲೆಗಳು ಸೇರುವ ಕಡೆಯೇ ಕೆರೆ ಇತ್ತು. ಒಂದೊಂದು ಚೌಕದ ಪಾಲಿಗೂ ಅದರ ಕಾಲುಭಾಗ ಮಾತ್ರ, ಉಳಿದದ್ದೆಲ್ಲ ಒಣ ನೆಲ. ನಾಲ್ಕೂ ಕಡೆ ನೀರು ಸೋತಿತ್ತು.

"ಸರ್, ಗೆರೆಗಳನ್ನ ಅರ್ಧ ಚೌಕ ಆಚೆ ಸರಿಸಿದ್ರೆ ಕೆರೆ ಬಂದ್ಬಿಡುತ್ತೆ," ಎಂದಳು ಸಹಾಯಕಿ. "ಅಷ್ಟೂ ಬೇಡ ಅಂದ್ರೆ, ಇದೊಂದು ಕಡೆ ತಪ್ಪಾಗಿದೆ ಅಂತ ಅನುಮತಿ ವಿಭಾಗಕ್ಕೆ ಒಂದು ಫೋನ್ ಮಾಡಿದ್ರೂ ಸಾಕು. ಇವತ್ತೇ ನಿಲ್ಲಿಸ್ತಾರೆ."

ತಪ್ಪಾಗಿದೆ! ಆ ಒಂದು ಮಾತಿಗೆ ಸಾಹೇಬರ ಮುಖ ಸುಟ್ಟ ಬದನೆಕಾಯಿಯಾಯಿತು. ಕೆರೆ ಅವರಿಗೆ ಚೆನ್ನಾಗಿಯೇ ನೆನಪಿತ್ತು. ಮೂಗಿಗೆ ನೀರು ಹೋದದ್ದು, ಅಕ್ಕ ಬೈಯುತ್ತಲೇ ಬೆನ್ನು ತಟ್ಟಿದ್ದು, ಎಲ್ಲವೂ. ಆದರೆ ಇವತ್ತು ಒಂದು ಕೆರೆ ತಪ್ಪಿದೆ ಎಂದರೆ ನಾಳೆ ಇನ್ನೊಬ್ಬ ಇನ್ನೊಂದು ಕೆರೆ ಹೊತ್ತು ತರುತ್ತಾನೆ, ಆಮೇಲೆ ಗೋಡೆಯ ಮೇಲಿನ ಗಾಜಿನ ಗತಿ? ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಮೊಲವೇ ಎದುರು ಬಂದು ನಾಲ್ಕನೆಯ ಕಾಲು ತೋರಿಸಿದರೂ ಒಪ್ಪುವ ಜಾತಿಯಲ್ಲ ಅದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಹೇಳಿದರು: "ಬೇಸಿಗೆಯಲ್ಲಿ ನಮ್ಮ ತಂಡ ಜಾಗಗಳನ್ನ ಪರಿಶೀಲನೆ ಮಾಡುತ್ತೆ. ಆ ಜಾಗನೂ ಸೇರಿಸ್ತೀನಿ. ಕೆರೆ ಇದ್ರೆ ಆವಾಗ ಹಾಕೋಣ ಬಿಡಕ್ಕ."

"ಅಲ್ಲಿವರೆಗೂ ಲಾರಿಯವರು ಕೈ ಕಟ್ಕೊಂಡು ಕೂತಿರ್ತಾರಾ?"

"ಟೀ ತರಿಸ್ಲಾ?"

ಅಕ್ಕ ಟೀ ಕುಡಿಯಲಿಲ್ಲ. ಸಾಹೇಬರು ಫೋನ್ ಮಾಡಲಿಲ್ಲ. ಒಂದೆರಡು ಸಲ ಕೈಗೆತ್ತಿಕೊಂಡದ್ದುಂಟು. ಪ್ರತಿಸಲವೂ ಬೇರೇನೋ ಕೆಲಸ ಅವರನ್ನು ಕಾಪಾಡಿತು.

ಕೊಟ್ಟ ಮಾತಿಗೆ ತಪ್ಪಿದರು ಎಂದು ಮಾತ್ರ ಯಾರೂ ಹೇಳುವ ಹಾಗಿಲ್ಲ. ಬೇಸಿಗೆಯಲ್ಲಿ ತಂಡ ಹೋಯಿತು. ಟೊಪ್ಪಿ ಹಾಕಿಕೊಂಡು, ಜಾಗ ತೋರಿಸುವ ಯಂತ್ರ ಹಿಡಿದುಕೊಂಡು, ನಾಲ್ಕು ಚೌಕಗಳು ಸೇರುವ ಕಡೆ ಸರಿಯಾಗಿ ನಿಂತು ಸುತ್ತ ನೋಡಿತು. ರೋಲರ್ ಓಡಿಸಿ ಮಟ್ಟ ಮಾಡಿದ ಕೆಮ್ಮಣ್ಣು, ಒಂದು ತಂತಿಬೇಲಿ, ಕಾವಲುಗಾರನ ಕುರ್ಚಿ. ಬರಡು ನೆಲ, ನಕಾಶೆ ಸರಿಯಾಗಿದೆ ಎಂದು ಬರೆದುಕೊಂಡು ಬಂದಿತು. ಆ ವರ್ಷ ನಕಾಶೆಯ ನಿಖರತೆ ಹೆಚ್ಚಾಗಿದೆಯೆಂದು ಮೇಲಿನವರು ಸಾಹೇಬರ ಬೆನ್ನು ತಟ್ಟಿದರು. ನಕಾಶೆ ತಪ್ಪಾದರೆ ನೆಲವನ್ನೇ ತಿದ್ದುವ ಈ ವಿದ್ಯೆ ಎಷ್ಟು ಜನಕ್ಕೆ ಬಂದೀತು!

ಆ ಹುರುಪಿನಲ್ಲೋ ಅಥವಾ ಒಳಗೆ ಏನೋ ಕೊರೆಯುತ್ತಿದ್ದುದಕ್ಕೋ, ಅಂದು ಸಾಹೇಬರು ಅಕ್ಕನಿಗೆ ಫೋನ್ ಮಾಡಿದರು. ಆಚೆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ನಮ್ಮವರು ಬಂದಿದ್ರಾ ಅಕ್ಕ?"

"ಬಂದಿದ್ರು. ನೀರು ಕೇಳಿದ್ರು, ಕೊಟ್ಟೆ. ನೀನು ಹೇಳಿದ್ದೇ ನಿಜ ಕಣಪ್ಪ, ಇಲ್ಲಿ ಕೆರೆ ಇಲ್ಲ." ಅಷ್ಟಕ್ಕೇ ನಿಲ್ಲಿಸದೆ ಸೇರಿಸಿದಳು, "ಅಕ್ಕನೂ ಇಲ್ಲ. ಅದನ್ನೂ ಬರ್ಕೋ."

ಯಂತ್ರದ ಸದ್ದು ಮತ್ತೆ ಶುರುವಾಯಿತು, ಆಮೇಲೆ ಫೋನ್ ಕಟ್ಟಾಯಿತು. ಸಾಹೇಬರು ಮೇಜಿನ ಮೇಲೆ ಓರೆಯಾಗಿ ಬಿದ್ದಿದ್ದ ಪೆನ್ನನ್ನು ನೇರ ಮಾಡಿದರು.