ಹನ್ನೊಂದು ದಿನ ನುಂಗಿದ ವರ್ಷ

ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿರುವ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಎರಡು ಪಂಚಾಂಗಗಳು ಮುಖ ತಿರುಗಿಸಿಕೊಂಡು ನೇತಾಡುತ್ತವೆ: ಒಂದು ಉಡುಪಿಯಿಂದ ಅಮ್ಮ ತಂದದ್ದು, ಇನ್ನೊಂದು ಸಿಡ್ನಿಯ ಸೂರ್ಯೋದಯಕ್ಕೆ ಲೆಕ್ಕ ಹಾಕಿ ಇಲ್ಲಿಯ ಭಟ್ಟರು ಅಚ್ಚು ಹಾಕಿಸಿದ್ದು. ಎರಡು ಪಂಚಾಂಗವಿರುವ ಮನೆಯಲ್ಲಿ ಹಬ್ಬ ಜಾಸ್ತಿ, ನೆಮ್ಮದಿ ಕಡಿಮೆ. ಅನುಭವಸ್ಥನ ಮಾತು, ನಂಬಿ.

ಮೆಲ್ಬರ್ನಿನ ವೆರಿಬೀಯಲ್ಲಿರುವ ನನ್ನ ಅಣ್ಣ ಉಡುಪಿ ಪಂಚಾಂಗದ ಪಕ್ಷ. ಅಪ್ಪ ತೀರಿಕೊಂಡದ್ದು ಉಡುಪಿಯಲ್ಲಾದ್ದರಿಂದ ಶ್ರಾದ್ಧದ ದಿನವೂ ಅಲ್ಲಿಯದೇ ಎಂದು ಅವನ ವಾದ. ಬಿಸಿಲು ಬೀಳುವುದು ನನ್ನ ತಲೆಯ ಮೇಲೆ, ಆದ್ದರಿಂದ ಇಲ್ಲಿಯ ದಿನ ಎಂದು ನನ್ನದು. ಹೀಗಾಗಿ, ಬದುಕಿದ್ದಾಗ ಊಟ ಐದು ನಿಮಿಷ ತಡವಾದರೆ ಮನೆಯನ್ನೇ ತಲೆಯ ಮೇಲೆ ಹೊರುತ್ತಿದ್ದ ಅಪ್ಪ, ಕಳೆದೆರಡು ವರ್ಷ ಒಂದು ದಿನ ಮೆಲ್ಬರ್ನಿನಲ್ಲಿ ಉಂಡು, ಮರುದಿನ ಸಿಡ್ನಿಗೆ ಬಂದು ಎರಡನೆಯ ಸಲ ಉದ್ದಿನ ವಡೆ ತಿನ್ನಬೇಕಾಯಿತು. ಅಣ್ಣತಮ್ಮಂದಿರ ಮಾತುಕತೆ ಮಾತ್ರ ಪೂರ್ತಿ ಉಪವಾಸ ಬಿತ್ತು. ಈ ಸಲ ಅಮ್ಮ ಬಂದದ್ದೇ ಇಬ್ಬರು ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ನೋಡುವುದಕ್ಕೆ.

ಪಕ್ಕದ ಮನೆಯ ಐರಿಷ್ ಅಜ್ಜಿ ಮೊರೀನ್ ಒಂದು ಮಧ್ಯಾಹ್ನ ಚಹಾಕ್ಕೆ ಬಂದವರು ನಮ್ಮ ತಿಥಿಯುದ್ಧದ ಕಥೆ ಕೇಳಿ ಬಿದ್ದು ಬಿದ್ದು ನಕ್ಕರು. ೧೭೫೨ರಲ್ಲಿ, ಜಾರ್ಜ್ ದೊರೆಯ ಆಳ್ವಿಕೆಯಲ್ಲಿ, ಅವರ ಐರ್ಲೆಂಡಿನ ಜನ ಸೆಪ್ಟೆಂಬರ್ ಎರಡರಂದು ಮಲಗಿ ಹದಿನಾಲ್ಕರಂದು ಎದ್ದರಂತೆ. ಕ್ಯಾಲೆಂಡರು ತಿದ್ದುವ ಕಾನೂನು ನಡುವಿನ ಹನ್ನೊಂದು ದಿನಗಳನ್ನು ಗುಳುಂ ಮಾಡಿತ್ತು. ನಾನು ಅಮ್ಮನಿಗೆ ಬಿಡಿಸಿ ಹೇಳಿದೆ. ಅಮ್ಮ ಗಾಬರಿಯಾದರು.

“ಆ ಹನ್ನೊಂದು ದಿನದಲ್ಲಿ ಬಂದ ಶ್ರಾದ್ಧಕ್ಕೆ ಎಂತ ಮಾಡಿದ್ರಂತೆ ಪಾಪ?”

ನಾನು ಅದನ್ನೇ ಇಂಗ್ಲಿಷಿನಲ್ಲಿ ಮೊರೀನ್‌ಗೆ ಕೇಳಿದೆ. ತಮ್ಮ ಅಜ್ಜಿ ಹೊಸ ಕ್ರಿಸ್‌ಮಸ್ಸಿನ ಜೊತೆಗೆ ಹಳೆಯ ಕ್ಯಾಲೆಂಡರಿನದನ್ನೂ ಮಾಡುತ್ತಿದ್ದರು, ನೆಂಟರು ಬಂದ ದಿನವೇ ದೊಡ್ಡ ಹಬ್ಬವಾಗಿರುತ್ತಿತ್ತು ಎಂದಷ್ಟೇ ಹೇಳಿದರು. ಅವರು ಹೋದ ಮೇಲೆ ನಾನು ಯೋಚಿಸುತ್ತ ಕೂತೆ. ಆ ವರ್ಷದ ಸೆಪ್ಟೆಂಬರ್ ಐದರಂದು ಐರ್ಲೆಂಡಿನಲ್ಲಿ ಯಾರೂ ಹುಟ್ಟಲಿಲ್ಲ, ಯಾರೂ ಸಾಯಲಿಲ್ಲ, ಯಾವ ಅಣ್ಣತಮ್ಮಂದಿರೂ ಮಾತು ಬಿಡಲಿಲ್ಲ. ಇಡೀ ದೇಶವೇ ಹನ್ನೊಂದು ದಿನ ಬಿಟ್ಟುಕೊಟ್ಟಿರುವಾಗ ಒಂದೇ ಒಂದು ದಿನಕ್ಕೆ ಜೋತುಬಿದ್ದ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಅಣ್ಣನಿಗೆ ಫೋನು ಮಾಡಿದೆ.

“ನಿನ್ನ ದಿನಕ್ಕೇ ಬರ್ತೇವೆ ಅಣ್ಣ. ಫ್ಲೈಟ್ ಬುಕ್ ಮಾಡಿಯಾಯ್ತು.”

“ವಡೆಗೆ ಉದ್ದು ಜಾಸ್ತಿ ನೆನೆಸ್ಲಿಕ್ಕೆ ಹೇಳ್ತೇನೆ,” ಎಂದ ಅವನು.

ವೆರಿಬೀಯಲ್ಲಿ ಶ್ರಾದ್ಧ ಮುಗಿಸಿ ಇಬ್ಬರೂ ಅಕ್ಕಪಕ್ಕ ಉಣ್ಣಲು ಕೂತೆವು. ಗೆದ್ದ ಹುರುಪಿನಲ್ಲಿ ಅಣ್ಣ, ಅಪ್ಪ ಹೋದ ಗಳಿಗೆಯನ್ನು ಅಮ್ಮ ಸರಿಯಾಗಿ ನೆನಪಿಟ್ಟದ್ದರಿಂದಲೇ ತಿಥಿ ಇಷ್ಟು ಖಚಿತವಾಗಿ ಸಿಕ್ಕಿತೆಂದು ಹೊಗಳಿದ. ಪಾಯಸ ಬಡಿಸುತ್ತಿದ್ದ ಅಮ್ಮ ಸೌಟು ಎತ್ತಿ ಹಿಡಿದು ನಿಂತರು.

“ಗಳಿಗೆ ನೋಡಿದ್ದು ಯಾರು ಮಾರಾಯ? ನೀವಿಬ್ರೂ ಇಲ್ಲಿದ್ರಿ. ನಾನು ಅವರ ಕೈ ಹಿಡ್ಕೊಂಡು ಕೂತಿದ್ದೆ. ಆಮೇಲೆ ಭಟ್ರು ಕೇಳಿದ್ರು, ಬಾಯಿಗೆ ಬಂದದ್ದು ಹೇಳಿದೆ.”

ವಡೆ ನನ್ನ ಗಂಟಲಲ್ಲೇ ನಿಂತಿತು. ಅಣ್ಣ ತಲೆ ಎತ್ತದೆ ತನ್ನ ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿದ.