ಉಫ್ ಮೇಸ್ತ್ರಿಯ ಸೂರು

ಉಫ್ ಮೇಸ್ತ್ರಿಯ ನಿಜವಾದ ಹೆಸರೇನೆಂದು ಕೇಳಿದರೆ ಅವನ ಹೆಂಡತಿಯೂ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಮನೆಗಳಿಗೆ, ಗೋದಾಮುಗಳಿಗೆ, ಕೋಳಿ ಶೆಡ್ಡುಗಳಿಗೆ ಸಿಮೆಂಟ್ ಶೀಟು ಹೊದಿಸುವುದು ಅವನ ಕಸುಬಾಗಿತ್ತು. ಶೀಟನ್ನು ಗರಗಸದಲ್ಲಿ ಕೊಯ್ಯುವಾಗ ಬಿಳಿ ಪುಡಿ ಎದ್ದು ಪೆನ್ಸಿಲ್ ಗೆರೆ ಮುಚ್ಚಿಹೋಗುತ್ತದೆ. ಉಳಿದವರು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಗೆರೆ ಹುಡುಕುತ್ತಿದ್ದರು. ಇವನು ಮೂಗನ್ನು ಗೆರೆಗೆ ತಾಗಿಸುವಷ್ಟು ಬಗ್ಗಿ ‘ಉಫ್’ ಎಂದು ಊದುತ್ತಿದ್ದ. ಊದಿದ ಮೇಲೆ ಮತ್ತೆ ಊದಲು ಉಸಿರು ಬೇಕಲ್ಲ, ಆ ಪುಡಿಯೊಳಗೇ ನಿಂತು ಎದೆತುಂಬ ಎಳೆದುಕೊಳ್ಳುತ್ತಿದ್ದ. ಒದ್ದೆ ಬಟ್ಟೆಯವರನ್ನು ಕಂಡರೆ, “ಕೆಲಸಕ್ಕೆ ಬಂದ್ರಾ, ನೆಲ ಒರೆಸೋಕೆ ಬಂದ್ರಾ?” ಎಂದು ಕಿಚಾಯಿಸುತ್ತಿದ್ದ. ಈಗ ನೆನೆದುಕೊಂಡರೆ ಹಾಗೆ ಕಿಚಾಯಿಸಿದವನ ಕಿವಿ ಹಿಂಡಬೇಕು ಎನ್ನಿಸುತ್ತದೆ. ಕಿವಿ ತನ್ನದೇ ಆದ್ದರಿಂದ ಸುಮ್ಮನಾಗುತ್ತಾನೆ.

ಅವನ ಜಾಣತನ ಅಷ್ಟಕ್ಕೇ ಮುಗಿಯಲಿಲ್ಲ. ಕೊಯ್ದುಳಿದ ತುಂಡು, ಒಡೆದ ಶೀಟು, ಯಾವುದನ್ನೂ ಬಿಸಾಡಿದವನಲ್ಲ. ಮನೆಯ ಸೂರು ಶೀಟಿನದು, ಬಚ್ಚಲ ಮರೆ ಶೀಟಿನದು, ನೀರಿನ ಡ್ರಮ್ಮಿನ ಮುಚ್ಚಳ, ನಾಯಿಗೂಡು, ಹೂಗಿಡದ ಸುತ್ತಲ ಅಂಚು, ಎಲ್ಲ ಶೀಟಿನವೇ. ತೀರ ಚೂರಾದದ್ದನ್ನು ಗೇಟಿನಿಂದ ಬಾಗಿಲವರೆಗಿನ ದಾರಿಗೆ ಸುರಿದು ತುಳಿದು ಗಟ್ಟಿಮಾಡಿದ್ದ. ಬಿಸಿಲು ಕಾಲದಲ್ಲಿ ಆ ದಾರಿಯಲ್ಲಿ ಸ್ಕೂಟರ್ ಬಂದರೆ ಬಿಳಿ ಧೂಳು ಏಳುತ್ತಿತ್ತು. ಕೆಸರಿಗಿಂತ ಧೂಳು ವಾಸಿ ಎಂದು ಅಕ್ಕಪಕ್ಕದವರೂ ಕೇಳಿದಾಗ ಅವರಿಗೂ ಧಾರಾಳವಾಗಿ ಹಂಚಿದ. ಹೀಗೆ ಬೀದಿಗೆಲ್ಲ ಉಪಕಾರ ಮಾಡಿದ ಮಹಾನುಭಾವ ಅವನು.

ವಯಸ್ಸಾಗಿ ಕೆಲಸ ಬಿಟ್ಟ ಎಷ್ಟೋ ವರ್ಷಗಳ ಮೇಲೆ ಒಣ ಕೆಮ್ಮು ಶುರುವಾಯಿತು. ಮೊದಲು ಹವೆ ಸರಿಯಿಲ್ಲ ಎಂದ, ಆಮೇಲೆ ಹೊಸ ದಿಂಬು ಸರಿಯಿಲ್ಲ ಎಂದ. ಬಲ್ಬು ಹಾಕಲು ಏಣಿ ಹತ್ತಿ ಅರ್ಧದಲ್ಲೇ ಏದುಸಿರು ಬಿಡುತ್ತ ಕುಳಿತಾಗ ಏಣಿಯೂ ಸರಿಯಿಲ್ಲ ಎಂದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಅದನ್ನು ನೋಡಿ ಅಪ್ಪ ಅಮ್ಮ ಇಬ್ಬರನ್ನೂ ಆಸ್ಪತ್ರೆಗೆ ಹೊರಡಿಸಿದಳು. ಅವಳು ಆಗ ತುಂಬಿದ ಬಸುರಿ.

ಡಾಕ್ಟರಮ್ಮ ಅವನ ಎದೆಯ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, “ಏನು ಕೆಲಸ ಮಾಡ್ತಿದ್ರಿ?” ಎಂದರು. ಹೇಳಿದ.

“ಆ ಶೀಟಿನಲ್ಲಿ ಸಿಮೆಂಟಿನ ಜೊತೆ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್, ಇರುತ್ತೆ. ಕೊಯ್ದಾಗ ಅದರ ಎಳೆಗಳು ಗಾಳೀಲಿ ತೇಲ್ತವೆ, ಕಣ್ಣಿಗೆ ಕಾಣಲ್ಲ. ನಿಮ್ಮ ಶ್ವಾಸಕೋಶದಲ್ಲಿ ಅದರಿಂದಾದ ಕಲೆ ಇದೆ.”

“ಕೆಲಸ ಬಿಟ್ಟೇ ಎಷ್ಟು ಕಾಲ ಆಯ್ತು, ಮೇಡಂ.”

“ಇದು ತಲೆ ಎತ್ತೋಕೆ ಇಪ್ಪತ್ತು ಮೂವತ್ತು ವರ್ಷ ತಗೊಳ್ಳುತ್ತೆ. ಮುಂದೆ ಕ್ಯಾನ್ಸರ್ ಆಗೋ ಸಾಧ್ಯತೇನೂ ಇರುತ್ತೆ, ಅದಕ್ಕೇ ಆಗಾಗ ಬಂದು ತೋರಿಸ್ತಾ ಇರಬೇಕು.” ಆಮೇಲೆ ಅವರು ಪೆನ್ನು ಕೆಳಗಿಟ್ಟು, “ನಿಮ್ಮ ಕೆಲಸದ ಬಟ್ಟೆ ಯಾರು ಒಗೀತಿದ್ರು?” ಎಂದು ಕೇಳಿದರು.

ಹೆಂಡತಿ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದಳು. “ನಾನೇ. ಚೆನ್ನಾಗಿ ಕೊಡವಿ ಒಗೀತಿದ್ದೆ.”

ಅವಳ ಎಕ್ಸ್-ರೇಯನ್ನೂ ತೆಗೆಸಿದರು. ಸದ್ಯಕ್ಕೆ ಏನೂ ಕಾಣಲಿಲ್ಲ, ಆದರೆ ಅವಳೂ ತೋರಿಸುತ್ತಿರಬೇಕು ಎಂದರು. ತನ್ನ ಎದೆಯ ಚಿತ್ರ ನೋಡಿದಾಗ ಜೋಕು ಹೊಡೆದಿದ್ದ ಮೇಸ್ತ್ರಿಗೆ, ಹೆಂಡತಿಯ ಚಿತ್ರಕ್ಕಾಗಿ ಕಾಯುವಾಗ ಬಾಯಿಗೆ ಬೀಗ ಬಿದ್ದಿತ್ತು.

ಮನೆಯ ಸೂರಿನ ಬಗ್ಗೆ ಮಗಳು ವಿಚಾರಿಸಿದಳು. ಶೀಟು ಗಟ್ಟಿಯಾಗಿದ್ದು ಯಾರೂ ಕೆಣಕದಿದ್ದರೆ ಅಷ್ಟು ಭಯವಿಲ್ಲ, ಸವೆದು ಪುಡಿ ಉದುರುತ್ತಿದ್ದರೆ ಮಾತ್ರ ತಿಳಿದವರಿಂದ ತೆಗೆಸಬೇಕು, ನೀವಾಗಿ ಮುಟ್ಟಬೇಡಿ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಇವರ ಸೂರು ಬೆಳಗಾದರೆ ಹಾಸಿಗೆಯ ಮೇಲೆ ಪುಡಿ ಉದುರಿಸುತ್ತಿತ್ತು.

“ಹೆರಿಗೆ ಆದ್ಮೇಲೆ ಅಮ್ಮನ ಹತ್ರ ಇರೋಣ ಅಂತಿದ್ದೆ,” ಎಂದಳು ಮಗಳು ಹೊರಗೆ ಬಂದ ಮೇಲೆ. “ಆದ್ರೆ ಮಗುನ ಆ ಸೂರಿನ ಕೆಳಗೆ ಮಲಗಿಸಲ್ಲಪ್ಪ.”

“ನೀನು ಬೆಳೆದಿದ್ದು ಎಲ್ಲಿ, ಅರಮನೇಲಾ?” ಎಂದು ಮೇಸ್ತ್ರಿ ಕೆರಳಿದ. ತಾನು ಹೇಳಿದ್ದರ ಅರ್ಥ ಅವನಿಗೆ ಬಸ್ಸಿನಲ್ಲಿ ಕುಳಿತ ಮೇಲೆ ತಲೆಗೆ ಹೋಯಿತು. ದಾರಿಯುದ್ದಕ್ಕೂ ಅವನು ಕಿಟಕಿಯಿಂದ ಹೊರಗೇ ನೋಡುತ್ತಿದ್ದ.

ಮೊಮ್ಮಗು ಈ ಮನೆಗೆ ಬರಲೇಬೇಕು, ಅದು ಅವನ ಹಟ. ಪುಡಿ ಉದುರುವುದೇ ತಾನೇ ತೊಂದರೆ? ಉದುರುವುದನ್ನೆಲ್ಲ ಒಂದೇ ಸಲ ಉದುರಿಸಿ ಮೇಲೆ ಬಣ್ಣ ಬಳಿದರಾಯಿತು ಎಂದು ಲೆಕ್ಕ ಹಾಕಿದ. ‘ನೀವಾಗಿ ಮುಟ್ಟಬೇಡಿ’ ಎಂಬುದು ಬೇರೆ ಜನಕ್ಕೆ ಹೇಳಿದ ಮಾತು; ಸೂರು ಹೊದಿಸಿದವನಿಗೇ ಸೂರು ಮುಟ್ಟಬೇಡ ಎನ್ನುವುದುಂಟೇ? ಹೆಂಡತಿ ಅಂಗಡಿಗೆ ಹೋದ ಹೊತ್ತು ನೋಡಿ, ತಂತಿ ಬ್ರಷ್ ಹಿಡಿದು ಮೇಲೇರಿದ. ದಮ್ಮು ಹತ್ತಿದಾಗ ಕೂತು, ಸುಧಾರಿಸಿಕೊಂಡು, ಪಾಚಿಗಟ್ಟಿದ ಶೀಟನ್ನು ಗಸಗಸ ಉಜ್ಜಿದ. ಬಿಳಿ ಪುಡಿ ಅಂಗಳದ ಮೇಲೆಲ್ಲ ಇಳಿಯಿತು. ಅಂಗಳದ ಹಗ್ಗದಲ್ಲಿ ಅವನ ಹೆಂಡತಿ ಹುಟ್ಟಲಿರುವ ಮಗುವಿಗೆಂದು ಹೊಲಿದ ಅಂಗಿ, ಟೋಪಿ, ಮೆತ್ತನೆಯ ಬಟ್ಟೆಗಳು ಒಣಗುತ್ತಿದ್ದುದು ಅವನ ಕಣ್ಣಿಗೆ ಬೀಳಲಿಲ್ಲ.

ಅಷ್ಟರಲ್ಲಿ ಮಗಳು ಗೇಟು ತೆರೆದಳು. ಮೇಲಿನಿಂದ ಅವನು, “ನೋಡು, ಹೊಸದರ ಥರ ಆಗ್ತಿದೆ,” ಎಂದು ಹೆಮ್ಮೆಯಿಂದ ಕೂಗಿದ. ಅವಳು ಸೂರನ್ನು ನೋಡಿದಳು, ಹಗ್ಗವನ್ನು ನೋಡಿದಳು. ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು, ಇನ್ನೊಂದನ್ನು ಹೊಟ್ಟೆಯ ಮೇಲಿಟ್ಟುಕೊಂಡು ಹಿಂದಹಿಂದಕ್ಕೇ ನಡೆದು ಬೀದಿಗಿಳಿದು ಹೊರಟುಹೋದಳು. ಅವಳು ಬೈದಿದ್ದರೆ ಅವನು ತಿರುಗಿಸಿ ಬೈದು ಹಗುರಾಗುತ್ತಿದ್ದ. ಹೆತ್ತ ಮಗಳು ತನ್ನಿಂದ ತಪ್ಪಿಸಿಕೊಂಡು ಹೋದಳಲ್ಲ ಎಂದು ಅವನು ಬ್ರಷ್ ಹಿಡಿದುಕೊಂಡೇ ಬೀದಿಯ ಕಡೆ ನೋಡುತ್ತ ಕುಳಿತ.

ಹೆಂಡತಿ ಬಂದವಳು ಗೇಟಿನ ಹೊರಗೇ ನಿಂತಳು. “ಕೋತಿ ತಾನು ಕೆಟ್ಟಿದ್ದಲ್ಲದೆ ವನಾನೆಲ್ಲ ಕೆಡಿಸ್ತಂತೆ. ಇಳೀರಿ ಕೆಳಗೆ.”

ಕೋತಿ ಇಳಿಯಿತು.

ಮಾರನೆಯ ದಿನವೇ ಇಂಥ ಸೂರು ತೆಗೆಯುವುದನ್ನು ಕಲಿತ ತಂಡವನ್ನು ಮೇಸ್ತ್ರಿ ತಾನೇ ಹುಡುಕಿಕೊಂಡು ಹೋದ. ತಲೆಯಿಂದ ಕಾಲಿನವರೆಗೆ ಮುಚ್ಚುವ ಬಿಳಿ ಉಡುಪು, ಬಿಗಿಯಾದ ಮುಖವಾಡ ಹಾಕಿಕೊಂಡು ಅವರು ಬಂದರು. ನೀರು ಚಿಮುಕಿಸುತ್ತ, ಒಂದೊಂದೇ ಬೋಲ್ಟು ಬಿಚ್ಚುತ್ತ, ಶೀಟು ಮುರಿಯದಂತೆ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು. ಪುಡಿ ಬಿದ್ದ ಪುಟ್ಟ ಬಟ್ಟೆಗಳೂ ಅದರ ಜೊತೆಗೇ ಹೋದವು.

“ತುಕ್ಕು ಹಿಡಿದ ಬೋಲ್ಟು ಬಿಚ್ಚಲ್ಲ ಕಣಮ್ಮ, ಸುತ್ತಿಗೇಲಿ ಒಂದು ಬಿಡು,” ಎಂದು ಮೇಸ್ತ್ರಿ ಬೀದಿಯಾಚೆಯಿಂದ ಸಲಹೆ ಕೊಟ್ಟ.

ತಂಡದ ಯಜಮಾನಿ, ಅವನ ಮಗಳಿಗಿಂತ ಚಿಕ್ಕವಳು, ಇವನತ್ತ ತಿರುಗಿ, “ಅಜ್ಜ, ಇನ್ನೂ ಸ್ವಲ್ಪ ದೂರ ನಿಲ್ಲಿ,” ಎಂದಳು. ಅಜ್ಜ ನಿಂತ. ಬಚ್ಚಲ ಮರೆ, ನಾಯಿಗೂಡು ಎಲ್ಲವನ್ನೂ ಕಳಚಿ, ಅಂಗಳದಲ್ಲಿ ಬಿದ್ದ ಪುಡಿಯನ್ನೂ ಗೇಟಿನ ದಾರಿಯನ್ನೂ ಅವರು ನೆನೆಸಿ ಅಗೆದು ತೆಗೆದರು. ಕೊನೆಗೆ ಬೇರೆಲ್ಲಾದರೂ ಇಂಥ ತುಂಡುಗಳಿವೆಯೇ ಎಂದು ಅವಳು ಕೇಳಿದಾಗ, ಮೇಸ್ತ್ರಿ ತಾನು ಉಪಕಾರ ಮಾಡಿದ್ದ ಮನೆಗಳ ಮುಂದೆಲ್ಲ ಹೋಗಿ, ತಲೆ ತಗ್ಗಿಸಿಕೊಂಡು, ಇಲ್ಲಿ, ಇಲ್ಲಿ ಎಂದು ತೋರಿಸಬೇಕಾಯಿತು. ದಾನ ಮಾಡಿದ್ದನ್ನು ವಾಪಸು ಕೇಳುವವನ ಮುಖ ಹೇಗಿರುತ್ತದೆ ಎಂದು ಬೀದಿಯವರೆಲ್ಲ ಅಂದು ಪುಕ್ಕಟೆ ನೋಡಿದರು.

ತಗಡಿನ ಹೊಸ ಸೂರು ಬಂತು. ಮಗಳು ಅಂಗಳವನ್ನೆಲ್ಲ ಒಂದು ಸುತ್ತು ಹಾಕಿ ನೋಡಿ ಹೋದಳು. ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತು. ಅದನ್ನು ಎತ್ತಿಕೊಂಡು ಮಗಳು ಮನೆಗೆ ಬಂದಳು. ಮೇಸ್ತ್ರಿ ಬೆಳಗಿನಿಂದ ಎರಡು ಸಲ ಸ್ನಾನ ಮಾಡಿದ್ದ. ಆದರೂ ಮಗು ಬಂದಾಗ ಗೋಡೆಗೆ ಅಂಟಿಕೊಂಡು ನಿಂತ. ಹತ್ತಿರ ಕರೆದರೆ, ನಲ್ಲಿ ಸೋರುತ್ತಿದೆ ಎಂದು ಬಚ್ಚಲಿಗೆ ಹೋದ.

ಮಗಳು ಬಚ್ಚಲ ಬಾಗಿಲಿಗೇ ಬಂದಳು. “ನಲ್ಲಿ ಎಲ್ಲೂ ಓಡಿಹೋಗಲ್ಲ. ತಗೋ, ಎತ್ಕೋ.”

ಅವನು ಎತ್ತಿಕೊಂಡ. ಮಗುವಿನ ಮುಖ ಅವನ ಎದೆಗೆ ಬಂತು. ಅವನು ಉಸಿರು ಬಿಗಿಹಿಡಿದ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಇನ್ನು ಆಗದು ಎಂದಾಗ ಕತ್ತನ್ನು ಕಿಟಕಿಯ ಕಡೆ ತಿರುಗಿಸಿ ಹೊರಗೆ ಉಸಿರು ಬಿಟ್ಟು, ಮತ್ತೆ ತುಂಬಿಕೊಂಡು ಬಾಯಿ ಮುಚ್ಚಿದ.

“ಏನಪ್ಪ ಇದು?” ಎಂದು ಮಗಳು ನಕ್ಕಳು. ಮರುಕ್ಷಣ ಅವಳಿಗೆ ಗೊತ್ತಾಯಿತು. ಅವನ ತೋಳು ಹಿಡಿದುಕೊಂಡಳು. “ನಿನ್ನ ಉಸಿರಿಂದ ಇವಳಿಗೆ ಏನೂ ಆಗಲ್ಲಪ್ಪ. ಧಾರಾಳವಾಗಿ ಉಸಿರಾಡು. ನಿನ್ನೊಳಗೆ ಹೋಗಿರೋದು ಹೊರಗೆ ಬರಲ್ಲ.”

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೇ ಕೇಳಿಸಿತು. ತಲೆ ಬಗ್ಗಿಸಿ ಮಗುವಿನ ಟೋಪಿ ಸರಿಮಾಡತೊಡಗಿದಳು.

“ಬರೋದೇ ಇಲ್ವಾ?” ಎಂದ ಮೇಸ್ತ್ರಿ.

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಸದ್ಯ,” ಎಂದು ಅವನು ಮಗುವನ್ನು ಎದೆಗೆ ಒತ್ತಿಕೊಂಡು ಉಸಿರು ಬಿಟ್ಟ.